ಹನ್ನೆರಡು ವೋಲ್ಟಿನಿಂದ ಐದಕ್ಕೆ

ಸಂಜೆ ದೀಪ ಹಚ್ಚುವ ಹೊತ್ತಿಗೆ ಮನೆಯ ರೇಡಿಯೋ ಒಮ್ಮೆಲೇ ಗೊಣಗತೊಡಗುವುದನ್ನು ನಿಮ್ಮಲ್ಲಿ ಅನೇಕರು ಗಮನಿಸಿರಬಹುದು. ಮಧ್ಯಾಹ್ನ ತಿಳಿನೀರಿನಂತೆ ಬರುತ್ತಿದ್ದ ಮಧ್ಯಮ ತರಂಗದ ಸಂಗೀತ, ನಡುಮನೆಯ ಎಲ್.ಇ.ಡಿ. ದೀಪ ಹತ್ತಿದೊಡನೆ 'ಜುಂಯ್' ಎಂಬ ಸದ್ದಿನಲ್ಲಿ ಮುಳುಗಿಬಿಡುತ್ತದೆ. ಪಕ್ಕದಲ್ಲಿ ಫೋನನ್ನು ಚಾರ್ಜಿಗೆ ಹಾಕಿದರೂ ಎಷ್ಟೋ ಸಲ ಇದೇ ಪಾಡು. ರೇಡಿಯೋ ಹಳೆಯದಾಯಿತೆಂದು ಕೆಲವರು ನೊಂದುಕೊಳ್ಳುತ್ತಾರೆ. ನಿಲಯದವರನ್ನೇ ಬೈಯುವವರೂ ಉಂಟು. ಬಹುಮಟ್ಟಿಗೆ ಇಬ್ಬರೂ ನಿರಪರಾಧಿಗಳು. ಆ ದೀಪದ ಬುಡದಲ್ಲಿ, ಆ ಚಾರ್ಜರಿನ ಹೊಟ್ಟೆಯಲ್ಲಿ, ಹೆಚ್ಚಿನ ವೋಲ್ಟನ್ನು ಕಡಿಮೆ ವೋಲ್ಟಾಗಿ ಇಳಿಸುವ ಪುಟ್ಟ ವಿದ್ಯುನ್ಮಂಡಲವೊಂದು ಅಡಗಿದೆ. ನಮಗೆ ಕೇಳಿಸುವುದು ಅದರ ದನಿ. ಅಂಥ ಮಂಡಲವೊಂದನ್ನು ನಾವೇ ಲೆಕ್ಕ ಹಾಕಿ ಕಟ್ಟುವುದು ಹೇಗೆ, ಕಟ್ಟುವಾಗ ಏನನ್ನು ಗಳಿಸುತ್ತೇವೆ, ಏನನ್ನು ಕಳೆದುಕೊಳ್ಳುತ್ತೇವೆ ಎಂಬುದೇ ಇಂದಿನ ನನ್ನ ಮಾತಿನ ವಿಷಯ.

ವೋಲ್ಟನ್ನು ಇಳಿಸುವ ಕೆಲಸ ನಮ್ಮ ನಾಡಿಗೆ ಹೊಸದಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರು ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅಷ್ಟು ದೂರ ಸಾಗಬೇಕಾದರೆ ವೋಲ್ಟು ಹೆಚ್ಚಾಗಿರಬೇಕು. ಏಕೆಂದರೆ ವೋಲ್ಟು ಇಮ್ಮಡಿಯಾದರೆ ಅಷ್ಟೇ ಶಕ್ತಿಗೆ ಅರ್ಧ ಪ್ರವಾಹ ಸಾಕು, ತಂತಿಯಲ್ಲಿ ಆಗುವ ನಷ್ಟ ಕಾಲುಭಾಗಕ್ಕೆ ಇಳಿಯುತ್ತದೆ. ಊರು ತಲುಪಿದ ಮೇಲೆ ಅದನ್ನು ತಗ್ಗಿಸಿಯೇ ಬಳಸಬೇಕು. ನಿಮ್ಮ ಬೀದಿಯ ಕಂಬದ ಟ್ರಾನ್ಸ್‌ಫಾರ್ಮರು 11,000 ವೋಲ್ಟನ್ನು ಇಳಿಸಿ ಮನೆಗೆ 230 ವೋಲ್ಟಾಗಿ ಕೊಡುವುದು ಇದೇ ಕಾರಣದಿಂದ. ಕಬ್ಬಿಣದ ತಿರುಳಿನ ಮೇಲೆ ಎರಡು ಸುರುಳಿ; ಸುತ್ತುಗಳ ಪ್ರಮಾಣ ಎಷ್ಟೋ ವೋಲ್ಟಿನ ಪ್ರಮಾಣವೂ ಅಷ್ಟೇ. ಇದಕ್ಕಿಂತ ಸರಳವಾದ ಏರ್ಪಾಡು ಇನ್ನೊಂದಿಲ್ಲ.

ಆದರೆ ಟ್ರಾನ್ಸ್‌ಫಾರ್ಮರಿಗೆ ಒಂದು ಹಟವಿದೆ. ಹಿಂದಕ್ಕೂ ಮುಂದಕ್ಕೂ ಅಲೆಯುವ ಎ.ಸಿ. ಪ್ರವಾಹಕ್ಕೆ ಮಾತ್ರ ಅದು ಮಣಿಯುತ್ತದೆ. ಒಂದೇ ದಿಕ್ಕಿಗೆ ಹರಿಯುವ ಬ್ಯಾಟರಿಯ ಪ್ರವಾಹವನ್ನು ಕೊಟ್ಟರೆ ಕೆಲಸ ಮಾಡದೆ ಬಿಸಿಯಾಗಿ ಕೂರುತ್ತದೆ. ಹಾಗಾದರೆ ಬ್ಯಾಟರಿಯ ವೋಲ್ಟನ್ನು ಇಳಿಸುವುದು ಹೇಗೆ?

ಒಂದು ಉದಾಹರಣೆಯನ್ನೇ ಹಿಡಿಯೋಣ. ಕರೆಂಟು ಹೋದಾಗ ಬಳಸಲು ಮನೆಯಲ್ಲಿ 12 ವೋಲ್ಟಿನ, 7 ಆಂಪಿಯರ್-ಗಂಟೆಯ ಒಂದು ಸೀಸದ ಬ್ಯಾಟರಿ ಇದೆಯೆನ್ನಿ. ಕಂಪ್ಯೂಟರಿನ ಯು.ಪಿ.ಎಸ್. ಪೆಟ್ಟಿಗೆಯಲ್ಲಿರುವುದು ಸಾಮಾನ್ಯವಾಗಿ ಇದೇ. ಇದರಿಂದ 5 ವೋಲ್ಟು ಪಡೆದು ಒಂದು ಸಣ್ಣ ದೀಪವನ್ನೋ, ಫೋನನ್ನೋ, ರೇಡಿಯೋವನ್ನೋ ನಡೆಸಬೇಕು. ಹೆಚ್ಚೆಂದರೆ 1 ಆಂಪಿಯರು ಬೇಕಾದೀತು. ಬ್ಯಾಟರಿ 12 ವೋಲ್ಟಿನದು ಎಂದರೂ ಅದು ಸದಾ ಹನ್ನೆರಡರಲ್ಲೇ ನಿಲ್ಲುವುದಿಲ್ಲ. ಚಾರ್ಜಾಗುತ್ತಿರುವಾಗ 14.4ರವರೆಗೆ ಏರುತ್ತದೆ, ಬರಿದಾದಾಗ 10.8ರ ಹತ್ತಿರ ಇಳಿಯುತ್ತದೆ. ಒಳಬರುವುದು ಹೇಗೆ ಏರಿಳಿದರೂ ಹೊರಹೋಗುವುದು ಐದರಲ್ಲೇ ನಿಲ್ಲಬೇಕು. ನಮ್ಮ ಸಮಸ್ಯೆಯ ತಿರುಳು ಇಷ್ಟೇ.

ಎಲ್ಲರಿಗೂ ಮೊದಲು ಹೊಳೆಯುವ ದಾರಿ, ನಡುವೆ ಒಂದು ರೆಸಿಸ್ಟರು ಹಾಕುವುದು. ನನಗೂ ಹಾಗೆಯೇ ಹೊಳೆಯಿತು. ನಾನಾಗ ವಿದ್ಯಾರ್ಥಿ. ನನ್ನ ಸೋದರಮಾವನವರಿಗೆ ಕಣ್ಣು ಮಂಜಾಗಿ ಪತ್ರಿಕೆ ಓದುವುದು ನಿಂತುಹೋಗಿತ್ತು. 6 ವೋಲ್ಟಿನ ಒಂದು ಟ್ರಾನ್ಸಿಸ್ಟರು ರೇಡಿಯೋವೇ ಅವರ ಪತ್ರಿಕೆ. ತಿಂಗಳಿಗೆ ನಾಲ್ಕು ನಾಲ್ಕು ಸೆಲ್ಲು ಕೊಳ್ಳುವ ಖರ್ಚು ತಪ್ಪಿಸುತ್ತೇನೆಂದು ಹೊರಟು, ಮೂಲೆಯಲ್ಲಿದ್ದ 12 ವೋಲ್ಟಿನ ಬ್ಯಾಟರಿಗೆ ಅದನ್ನು ಜೋಡಿಸಿದೆ. ಸೆಟ್ಟು ಜೋರಾಗಿ ಹಾಡುವಾಗ ಸುಮಾರು 100 ಮಿಲಿಆಂಪಿಯರು ಎಳೆಯುತ್ತಿತ್ತು. ಕಳೆಯಬೇಕಾದದ್ದು 6 ವೋಲ್ಟು. ಆದುದರಿಂದ 60 ಓಮು. ಲೆಕ್ಕ ಸರಿಯಾಗಿಯೇ ಇತ್ತು. ರೇಡಿಯೋ ಚೆನ್ನಾಗಿ ನುಡಿಯಿತು. ಮಾವ ಸುದ್ದಿ ಕೇಳಿ ಮುಗಿಸಿ, "ಪರವಾಗಿಲ್ಲ ಕಣೋ, ಓದಿದ್ದು ಸಾರ್ಥಕವಾಯ್ತು" ಎಂದು ಹೇಳಿ ಧ್ವನಿಯನ್ನು ತಗ್ಗಿಸಿದರು. ಅಷ್ಟೇ! ಕೆಲವು ನಿಮಿಷದಲ್ಲಿ ಒಳಗಿಂದ 'ಟಪ್' ಎಂದಿತು, ಸುಟ್ಟ ವಾಸನೆ ಬಂತು, ಸೆಟ್ಟು ಮೂಕವಾಯಿತು.

ಆದದ್ದೇನು? ಧ್ವನಿ ತಗ್ಗಿಸಿದಾಗ ರೇಡಿಯೋ ಎಳೆಯುವ ಪ್ರವಾಹ 20 ಮಿಲಿಆಂಪಿಯರಿನಷ್ಟಕ್ಕೆ ಇಳಿಯಿತು. 60 ಓಮಿನಲ್ಲಿ ಆಗ ಕಳೆಯುವುದು ಬರಿಯ 1.2 ವೋಲ್ಟು. ಉಳಿದ 10.8 ವೋಲ್ಟೂ 6 ವೋಲ್ಟಿನ ಸೆಟ್ಟಿನ ಮೇಲೆ ಬಿತ್ತು. ರೆಸಿಸ್ಟರು ವೋಲ್ಟನ್ನು ಕಾಯುವ ಕಾವಲುಗಾರನಲ್ಲ. ತನ್ನ ಮೂಲಕ ಹರಿಯುವ ಪ್ರವಾಹಕ್ಕೆ ತಕ್ಕಂತೆ ಸುಂಕ ವಸೂಲು ಮಾಡುವವನು, ಅಷ್ಟೆ. ಪೇಟೆಯಿಂದ ರಿಪೇರಿಯಾಗಿ ಬರುವವರೆಗೆ ಮೂರು ವಾರ, ಸುದ್ದಿಯ ಹೊತ್ತಿಗೆ ಸರಿಯಾಗಿ ಮಾವ ಜಗಲಿಯಲ್ಲಿ ಅದೇ ಜಾಗದಲ್ಲಿ ಬಂದು ಕೂರುತ್ತಿದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಂದಿನಿಂದ ಯಾವ ಮಂಡಲವನ್ನು ಕಟ್ಟಿದರೂ, ಬೇಡಿಕೆ ಹೆಚ್ಚಿದಾಗ ಏನಾಗುತ್ತದೆ ಎಂಬುದಕ್ಕಿಂತ ಮೊದಲು, ಬೇಡಿಕೆ ಕಡಿಮೆಯಾದಾಗ ಏನಾಗುತ್ತದೆ ಎಂದು ಕೇಳಿಕೊಳ್ಳುವುದು ನನಗೆ ಅಭ್ಯಾಸವಾಯಿತು.

ಎರಡನೆಯ ದಾರಿ, ನಿಜವಾದ ಕಾವಲುಗಾರನನ್ನು ಇಡುವುದು. 7805 ಎಂಬ ಮೂರು ಕಾಲಿನ ರೆಗ್ಯುಲೇಟರು ಬಿಡಿಭಾಗಗಳ ಅಂಗಡಿಗಳಲ್ಲೆಲ್ಲ ದೊರೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಸಂಖ್ಯೆ ಹೇಳಿದರೆ ಸಾಕು. ಬರಹವಿರುವ ಮುಖ ನಿಮ್ಮ ಕಡೆಗಿದ್ದಾಗ, ಎಡದಿಂದ ಮೊದಲನೆಯ ಕಾಲಿಗೆ ಬ್ಯಾಟರಿ, ನಡುವಿನದು ಎರಡಕ್ಕೂ ಸಮಾನವಾದ ಋಣ, ಮೂರನೆಯದರಲ್ಲಿ 5 ವೋಲ್ಟು. ಒಳಬರುವ ವೋಲ್ಟು ಏಳಕ್ಕಿಂತ ಹೆಚ್ಚಿದ್ದರೆ ಸಾಕು, ಹೊರಗಿನ ಐದು ಕದಲುವುದಿಲ್ಲ. ಧ್ವನಿ ಏರಿಸಿದರೂ ಐದು, ತಗ್ಗಿಸಿದರೂ ಐದು. ನನಗೆ ಅಂದು ಬೇಕಾಗಿದ್ದುದು ಈ ಜಾತಿಯದೇ ಒಂದು, 6 ವೋಲ್ಟಿನದು.

ಆದರೆ ಇದಕ್ಕೂ ಒಂದು ಬೆಲೆಯುಂಟು. ಹನ್ನೆರಡರಲ್ಲಿ ಐದು ಹೋದರೆ ಉಳಿದ 7 ವೋಲ್ಟು ಎಲ್ಲಿಗೆ ಹೋಯಿತು? ಶಾಖವಾಗಿ ಗಾಳಿಗೆ ಹೋಯಿತು. 1 ಆಂಪಿಯರು ಎಳೆದರೆ ನಮಗೆ ದಕ್ಕುವುದು 5 ವಾಟು, ವ್ಯರ್ಥವಾಗುವುದು 7 ವಾಟು. ನೂರು ಪಾಲಿನಲ್ಲಿ 42 ಪಾಲು ಮಾತ್ರ ಉಪಯೋಗ. ಈ ಬಿಡಿಭಾಗವನ್ನು ಬರಿದಾಗಿ ಗಾಳಿಯಲ್ಲಿ ನಿಲ್ಲಿಸಿದರೆ ಒಂದೊಂದು ವಾಟಿಗೂ ಸುಮಾರು 65 ಡಿಗ್ರಿಯಂತೆ ಬಿಸಿ ಏರುತ್ತದೆ. ಏಳು ವಾಟನ್ನು ಅದು ತಾಳುವ ಮಾತೇ ಇಲ್ಲ. ತನ್ನನ್ನು ತಾನೇ ನಿಲ್ಲಿಸಿಕೊಂಡುಬಿಡುತ್ತದೆ. ಅಂಗೈಯಗಲದ ಅಲ್ಯೂಮಿನಿಯಂ ರೆಕ್ಕೆಗಳನ್ನು ಕಟ್ಟಿ ಕಾಪಾಡಬೇಕಾಗುತ್ತದೆ. ಆದರೆ 100 ಮಿಲಿಆಂಪಿಯರು ಮಾತ್ರ ಬೇಡುವ ರೇಡಿಯೋಗಾದರೆ ನಷ್ಟ 0.7 ವಾಟು; ಬಿಸಿ ಸುಮಾರು 45 ಡಿಗ್ರಿ ಏರೀತು. ನಮ್ಮ ಬೇಸಗೆಯಲ್ಲೂ ಅದು ನಿಶ್ಚಿಂತೆಯಾಗಿ ಬಾಳುತ್ತದೆ. ಈ ಮಾತನ್ನು ನೆನಪಿನಲ್ಲಿಡಿ. ಕೊನೆಯಲ್ಲಿ ಇದು ಬೇಕಾಗುತ್ತದೆ.

ಮೂರನೆಯ ದಾರಿ ಹೆಚ್ಚು ಜಾಣತನದ್ದು. ಹೆಚ್ಚಾದದ್ದನ್ನು ಸುಟ್ಟುಹಾಕುವ ಬದಲು, ಬೇಕಾದಷ್ಟನ್ನೇ ಬ್ಯಾಟರಿಯಿಂದ ತೆಗೆದುಕೊಳ್ಳುವುದು. ಇಂಗ್ಲಿಷಿನಲ್ಲಿ ಇದಕ್ಕೆ ಬಕ್ ಕನ್ವರ್ಟರು ಎಂದು ಹೆಸರು. ನಮ್ಮ ಅಜ್ಜಿಯರ ಬೀಸುವ ಕಲ್ಲನ್ನು ನೆನೆಯಿರಿ. ಗೂಟ ಹಿಡಿದ ಕೈ ಸುತ್ತಿನ ಉದ್ದಕ್ಕೂ ಒಂದೇ ಸಮನೆ ಬಲ ಕೊಡುವುದಿಲ್ಲ; ಒಂದಿಷ್ಟು ದೂರ ನೂಕುತ್ತದೆ, ಒಂದಿಷ್ಟು ದೂರ ಸಡಿಲಾಗಿ ಬರುತ್ತದೆ. ಆದರೂ ಕಲ್ಲು ನಿಲ್ಲುವುದಿಲ್ಲ. ತನ್ನ ಭಾರದಿಂದಲೇ ಓಟವನ್ನು ಕಾಪಾಡಿಕೊಂಡು ಹಿಟ್ಟನ್ನು ಒಂದೇ ಸಮನೆ ಉದುರಿಸುತ್ತದೆ. ನಮ್ಮ ಮಂಡಲದಲ್ಲಿ ಕಲ್ಲಿನ ಪಾತ್ರ ತಂತಿಯ ಸುರುಳಿಯದು, ಅಂದರೆ ಇಂಡಕ್ಟರಿನದು. ಕೈಯ ಪಾತ್ರ, ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕಿ ಸಲ ಹೊತ್ತಿ ಆರುವ ಒಂದು ಟ್ರಾನ್ಸಿಸ್ಟರು ಸ್ವಿಚ್ಚಿನದು. ಸ್ವಿಚ್ಚು ಮುಚ್ಚಿದಾಗ ಬ್ಯಾಟರಿ ಸುರುಳಿಯನ್ನು ನೂಕುತ್ತದೆ. ತೆರೆದಾಗ ಸುರುಳಿ ತನ್ನ ಪ್ರವಾಹವನ್ನು ನಿಲ್ಲಿಸಲೊಪ್ಪದೆ, ಒಂದು ಡಯೋಡಿನ ಮೂಲಕ ಅದನ್ನು ಸುತ್ತಿಸಿಕೊಳ್ಳುತ್ತದೆ. ಕೊನೆಯಲ್ಲಿರುವ ಕೆಪಾಸಿಟರು, ಹಿಂದಿನವರ ಮಾತಿನಲ್ಲಿ ಕಂಡೆನ್ಸರು, ನೀರಿನ ತೊಟ್ಟಿಯಂತೆ ಸಣ್ಣ ಏರಿಳಿತವನ್ನು ನುಂಗಿಕೊಳ್ಳುತ್ತದೆ.

ಸ್ವಿಚ್ಚು ಎಷ್ಟು ಹೊತ್ತು ಮುಚ್ಚಿರಬೇಕು? ಲೆಕ್ಕ ಬಲು ಸುಲಭ. ಐದನ್ನು ಹನ್ನೆರಡರಿಂದ ಭಾಗಿಸಿ, 0.42. ನೂರು ಪಾಲು ಕಾಲದಲ್ಲಿ 42 ಪಾಲು ಮುಚ್ಚಿರಬೇಕು. ಬ್ಯಾಟರಿ 14.4ಕ್ಕೆ ಏರಿದರೆ 35 ಪಾಲು. ಈ ಪ್ರಮಾಣವನ್ನು ಕ್ಷಣಕ್ಷಣಕ್ಕೂ ತಿದ್ದಿಕೊಳ್ಳುವ ಕೆಲಸವನ್ನು ಒಂದು ಬಿಡಿಭಾಗವೇ ಮಾಡುತ್ತದೆ. ಎಲ್.ಎಂ. 2596 ಎಂಬುದು ಬಳಕೆಯಲ್ಲಿರುವ ಅಂಥದೊಂದು. ಐದು ಕಾಲು, 40 ವೋಲ್ಟಿನವರೆಗೆ ಒಳಗೆ ಕೊಡಬಹುದು, 3 ಆಂಪಿಯರಿನವರೆಗೆ ಹೊರಗೆ ಪಡೆಯಬಹುದು, ಸೆಕೆಂಡಿಗೆ ಸುಮಾರು 1,50,000 ಸಲ ಹೊತ್ತಿ ಆರುತ್ತದೆ. ಇದರಲ್ಲಿ 5 ವೋಲ್ಟಿಗೆಂದೇ ಗೊತ್ತುಮಾಡಿದ ಬಗೆಯೊಂದಿದೆ; ನಮಗೆ ಅದು ಸಾಕು.

ಇನ್ನು ಸುರುಳಿಯನ್ನು ಆರಿಸಬೇಕು. ಒಂದು ಸುತ್ತಿನ ಕಾಲ 6.67 ಮೈಕ್ರೋಸೆಕೆಂಡು. ಅದರಲ್ಲಿ 42 ಪಾಲು ಎಂದರೆ ಸುಮಾರು 2.8 ಮೈಕ್ರೋಸೆಕೆಂಡು. ಆಗ ಸುರುಳಿಯ ಮೇಲಿರುವ ವೋಲ್ಟು ಹನ್ನೆರಡರಲ್ಲಿ ಐದು ಕಳೆದರೆ 7. ಏಳನ್ನು 2.8ರಿಂದ ಗುಣಿಸಿ, ಸುರುಳಿಯ ಮೈಕ್ರೋಹೆನ್ರಿಗಳಿಂದ ಭಾಗಿಸಿದರೆ ಪ್ರವಾಹದ ಏರಿಳಿತ ಆಂಪಿಯರುಗಳಲ್ಲಿ ದೊರೆಯುತ್ತದೆ. 68 ಮೈಕ್ರೋಹೆನ್ರಿಯ ಸುರುಳಿ ಹಾಕಿದರೆ ಅದು 0.29 ಆಂಪಿಯರು. ಪೂರ್ಣ ಪ್ರವಾಹದ ಮೂರನೆಯ ಒಂದು ಪಾಲಿನ ಒಳಗೇ ಇದೆ. ಇದು ಹದವಾದ ಪ್ರಮಾಣ. ಸುರುಳಿ ತೀರ ಚಿಕ್ಕದಾದರೆ ಏರಿಳಿತ ವಿಪರೀತ. ಬೀಸುವ ಕಲ್ಲು ಹಗುರಾದರೆ ಕುಣಿಯುವಂತೆ. ತೀರ ದೊಡ್ಡದಾದರೆ ಬೆಲೆಯೂ ಹೆಚ್ಚು, ತಂತಿಯ ನಷ್ಟವೂ ಹೆಚ್ಚು. ಸುರುಳಿ ಕೊಳ್ಳುವಾಗ ಅದು 2 ಆಂಪಿಯರು ತಾಳುವುದೇ ಎಂದು ಕೇಳಿಕೊಳ್ಳಿ. ತಾಳದಿದ್ದರೆ ಅದರ ತಿರುಳು ಪ್ರವಾಹದ ತುದಿಯಲ್ಲಿ ತಣಿದುಹೋಗಿ, ಸುರುಳಿ ಬರಿಯ ತಂತಿಯಂತಾಗುತ್ತದೆ.

ಡಯೋಡಿನ ವಿಷಯದಲ್ಲಿ ಹೊಸಬರು ಎಡವುವುದುಂಟು. ಮನೆಯ 50 ಸೈಕಲ್ಲಿನ ವಿದ್ಯುತ್ತಿಗೆ ಬಳಸುವ 1ಎನ್ 4007 ಇಲ್ಲಿ ಸಲ್ಲದು. ಸೆಕೆಂಡಿಗೆ ಲಕ್ಷ ಸಲ ಬಾಗಿಲು ಹಾಕಿ ತೆಗೆಯುವ ಚುರುಕು ಅದಕ್ಕಿಲ್ಲ. 1ಎನ್ 5822 ಎಂಬ ಶಾಟ್ಕಿ ಡಯೋಡನ್ನೇ ಹಾಕಿ. ಒಳಬದಿಗೆ 470 ಮೈಕ್ರೋಫ್ಯಾರಡಿನ 35 ವೋಲ್ಟಿನ ಕೆಪಾಸಿಟರು, ಹೊರಬದಿಗೆ 220 ಮೈಕ್ರೋಫ್ಯಾರಡಿನದು. ಎರಡೂ ಒಳರೋಧ ಕಡಿಮೆಯಿರುವ ಜಾತಿಯವಾಗಿರಲಿ. ಒಳರೋಧ 0.1 ಓಮು ಇದ್ದರೆ ಹೊರಗಿನ ವೋಲ್ಟಿನಲ್ಲಿ ಸುಮಾರು 30 ಮಿಲಿವೋಲ್ಟಿನ ನಡುಕ ಉಳಿಯುತ್ತದೆ. ಹಳೆಯ, ಒಣಗಿದ ಕೆಪಾಸಿಟರು ಹಾಕಿದರೆ ಅದರ ಐದರಷ್ಟಾದರೂ ಆದೀತು. ಬ್ಯಾಟರಿಯ ಧನದ ತಂತಿಗೆ, ಬ್ಯಾಟರಿಯ ಬುಡದಲ್ಲೇ, 2 ಆಂಪಿಯರಿನ ಫ್ಯೂಸು ಇರಲೇಬೇಕು. 12 ವೋಲ್ಟು ಮುಟ್ಟಿದರೆ ಹೊಡೆಯುವುದಿಲ್ಲ, ನಿಜ. ಆದರೆ ತಂತಿಗಳು ಒಂದಕ್ಕೊಂದು ತಗುಲಿದರೆ ಸೀಸದ ಬ್ಯಾಟರಿ ಕ್ಷಣದಲ್ಲಿ ಅವನ್ನು ಕೆಂಡ ಮಾಡಬಲ್ಲದು. ಮನೆಗೆ ಬೆಂಕಿ ಬೀಳಲು ಅಷ್ಟು ಸಾಕು.

ಕಟ್ಟಿ ಮುಗಿಸಿದ ಮೇಲೆ ಅವಸರ ಬೇಡ. ಬೆಲೆಬಾಳುವ ಉಪಕರಣವನ್ನು ಮೊದಲೇ ಜೋಡಿಸಬಾರದು. 10 ಓಮಿನ, 5 ವಾಟಿನ ರೆಸಿಸ್ಟರೊಂದನ್ನು ಹೊರೆಯಾಗಿ ಕೊಟ್ಟು ಮೀಟರಿನಲ್ಲಿ ವೋಲ್ಟು ನೋಡಿ. 4.75ರಿಂದ 5.25ರ ಒಳಗಿದ್ದರೆ ಸರಿ. ಅಂಥದೇ ಇನ್ನೊಂದನ್ನು ಪಕ್ಕದಲ್ಲಿ ಸೇರಿಸಿ 1 ಆಂಪಿಯರು ಎಳೆಯಿರಿ. ಅರ್ಧ ಗಂಟೆ ಬಿಟ್ಟು ಮತ್ತೆ ನೋಡಿ. ಅನಂತರ ಎರಡನ್ನೂ ತೆಗೆದು, ಹೊರೆಯೇ ಇಲ್ಲದಾಗ ಎಷ್ಟಿದೆಯೆಂದು ನೋಡಿ. ನಮ್ಮ ಮಾವನ ರೇಡಿಯೋ ಕಲಿಸಿದ ಪರೀಕ್ಷೆ ಅದು. ಸಿದ್ಧವಾಗಿ ಸಿಗುವ ಹಲಗೆಯನ್ನೇ ಕೊಂಡವರಿಗೂ ಈ ಮಾತು ಅನ್ವಯಿಸುತ್ತದೆ. ಅವುಗಳಲ್ಲಿ ವೋಲ್ಟನ್ನು ತಿರುಪಿನಿಂದ ಹೊಂದಿಸಬೇಕು; ಬರುವಾಗ ತಿರುಪು ಎಲ್ಲಿಗೆ ನಿಂತಿರುತ್ತದೋ ಹೇಳಬರುವುದಿಲ್ಲ. ಮೀಟರು ಐದು ತೋರಿಸುವವರೆಗೆ ಫೋನನ್ನು ಹತ್ತಿರಕ್ಕೂ ತರಬೇಡಿ.

ಇಷ್ಟು ಶ್ರಮಕ್ಕೆ ಫಲವೇನು? ನೂರು ಪಾಲಿನಲ್ಲಿ ಸುಮಾರು 80 ಪಾಲು ಶಕ್ತಿ ದಕ್ಕುತ್ತದೆ. 5 ವಾಟು ಪಡೆಯಲು ಬ್ಯಾಟರಿಯಿಂದ 6.25 ವಾಟು, ಅಂದರೆ ಅರ್ಧ ಆಂಪಿಯರಿಗಿಂತ ತುಸು ಹೆಚ್ಚು ಸಾಕು. 7805 ಆಗಿದ್ದರೆ ಪೂರ್ಣ 1 ಆಂಪಿಯರು ಬೇಕಿತ್ತು. ಅದೇ ಬ್ಯಾಟರಿ ಹತ್ತಿರ ಹತ್ತಿರ ಎರಡರಷ್ಟು ಹೊತ್ತು ಬರುತ್ತದೆ. ಮಳೆಗಾಲದ ರಾತ್ರಿ ಕರೆಂಟು ಹೋದ ಮನೆಯಲ್ಲಿ ಇದು ಸಣ್ಣ ಲಾಭವಲ್ಲ.

ಆದರೆ ಬಿಟ್ಟಿಯಾಗಿ ಏನೂ ಸಿಗದು. ಸೆಕೆಂಡಿಗೆ ಒಂದೂವರೆ ಲಕ್ಷ ಸಲ ಪ್ರವಾಹವನ್ನು ಕತ್ತರಿಸಿದರೆ ಆ ಮಂಡಲವೇ ಒಂದು ಪುಟ್ಟ ಪ್ರಸಾರ ಕೇಂದ್ರವಾಗುತ್ತದೆ. ಅದು 150 ಕಿಲೋಹರ್ಟ್ಸಿನಲ್ಲಿ ಮಾತ್ರವಲ್ಲ, ಅದರ ಎರಡರಷ್ಟು, ಮೂರರಷ್ಟು, ನಾಲ್ಕರಷ್ಟರಲ್ಲೂ ಕೂಗುತ್ತದೆ. ಬಿಡಿಭಾಗದಿಂದ ಬಿಡಿಭಾಗಕ್ಕೆ ಈ ಸಂಖ್ಯೆ ತುಸು ಹೆಚ್ಚುಕಡಿಮೆ ಇರುವುದು ಸಹಜ. ನಿಮ್ಮದು 153 ಕಿಲೋಹರ್ಟ್ಸಿನದಾಯಿತೆನ್ನಿ. ನಾಲ್ಕರಿಂದ ಗುಣಿಸಿ: 612. ಐದರಿಂದ ಗುಣಿಸಿ: 765. ಹಳೆಯ ಕೇಳುಗರಿಗೆ ಈ ಎರಡು ಸಂಖ್ಯೆಗಳ ಪರಿಚಯ ಹೇಳಬೇಕಾಗಿಲ್ಲ. ಬೆಂಗಳೂರಿಗೆಂದು, ಧಾರವಾಡಕ್ಕೆಂದು ಎಷ್ಟೋ ವರ್ಷ ನಾವು ಮುಳ್ಳು ತಿರುಗಿಸಿ ನಿಲ್ಲಿಸಿದ ಜಾಗಗಳು ಅವು! ಒಂದೇ ಪುಟ್ಟ ಮಂಡಲ ಎರಡು ನಿಲಯಗಳ ನೆತ್ತಿಯ ಮೇಲೆ ಕುಳಿತು 'ಜುಂಯ್' ಎನ್ನಬಲ್ಲದು. ಮಾತಿನ ಆರಂಭದಲ್ಲಿ ಹೇಳಿದ ಗೊಣಗಾಟದ ಮೂಲ ಇದೇ.

ಇದನ್ನು ತಗ್ಗಿಸಲು ಉಪಾಯಗಳಿವೆ. ಸ್ವಿಚ್ಚು, ಡಯೋಡು, ಒಳಬದಿಯ ಕೆಪಾಸಿಟರು, ಈ ಮೂರನ್ನೂ ಒತ್ತೊತ್ತಾಗಿ, ಗಿಡ್ಡ ತಂತಿಗಳಿಂದ ಜೋಡಿಸಿ. ತಂತಿಯ ಬಳಸು ದೊಡ್ಡದಾದಷ್ಟೂ ಅದು ಒಳ್ಳೆಯ ಏರಿಯಲ್ಲಾಗುತ್ತದೆ. ಎಲ್ಲವನ್ನೂ ತಗಡಿನ ಡಬ್ಬಿಯೊಳಗಿಟ್ಟು ಡಬ್ಬಿಯನ್ನು ಋಣಕ್ಕೆ ಸೇರಿಸಿ. ಹೊರಹೋಗುವ ದಾರಿಯಲ್ಲಿ 10 ಮೈಕ್ರೋಹೆನ್ರಿಯ ಸಣ್ಣ ಸುರುಳಿ, 100 ಮೈಕ್ರೋಫ್ಯಾರಡಿನ ಕೆಪಾಸಿಟರು ಸೇರಿಸಿ ಇನ್ನೊಮ್ಮೆ ಸೋಸಿ. ರೇಡಿಯೋದಿಂದ ಒಂದೆರಡು ಮಾರು ದೂರವಿಡಿ.

ಎಲ್ಲಕ್ಕಿಂತ ದೊಡ್ಡ ಉಪಾಯವೆಂದರೆ ವಿವೇಕದಿಂದ ಆರಿಸುವುದು. ದೀಪಕ್ಕೂ ಫೋನಿಗೂ ಕತ್ತರಿಸುವ ಮಂಡಲವೇ ಸರಿ. ಅವುಗಳಿಗೆ ಕಿವಿಯಿಲ್ಲ, ಹಸಿವು ಹೆಚ್ಚು. ರೇಡಿಯೋಗೆ 7805 ಸರಿ. ಅದರ ಹಸಿವು ಕಡಿಮೆ, ಕಿವಿ ಬಲು ಸೂಕ್ಷ್ಮ. ಹಿಂದೆ ನೆನಪಿಡಿ ಎಂದ ಮುಕ್ಕಾಲು ವಾಟಿನ ನಷ್ಟವನ್ನು ಇಲ್ಲಿ ಸಂತೋಷವಾಗಿ ತೆರಬಹುದು. ಮಿಕ್ಕ ವೋಲ್ಟಿಗೆ ಯಾವಾಗಲೂ ಬೆಲೆ ತೆರಲೇಬೇಕು, ಶಾಖವಾಗಿಯೋ ಸದ್ದಾಗಿಯೋ. ಯಾವುದನ್ನು ಯಾರು ತಾಳಬಲ್ಲರು ಎಂದು ನೋಡಿ ನಿರ್ಧರಿಸುವುದೇ ವಿನ್ಯಾಸ ಎಂಬ ಮಾತಿನ ಅರ್ಥ.

ಕೊನೆಯದಾಗಿ ಒಂದು ಎಚ್ಚರಿಕೆ. ನಾನು ಹೇಳಿದ್ದೆಲ್ಲ ಬ್ಯಾಟರಿಗೆ. ಗೋಡೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರಿಲ್ಲದೆ ಬರಿಯ ಕೆಪಾಸಿಟರಿನಿಂದ ಇಳಿಸುವ ಅಗ್ಗದ ಮಂಡಲಗಳ ಚಿತ್ರಗಳು ಅಲ್ಲಲ್ಲಿ ಕಾಣಸಿಗುತ್ತವೆ. ಅವುಗಳ 5 ವೋಲ್ಟಿನ ತುದಿಯನ್ನು ಮುಟ್ಟಿದರೂ ಗೋಡೆಯ ವಿದ್ಯುತ್ತನ್ನೇ ಮುಟ್ಟಿದಂತೆ. ಅವನ್ನು ಮನೆಯಲ್ಲಿ ಕಟ್ಟಬೇಡಿ, ಮಕ್ಕಳಿಗೆ ಕಟ್ಟಲು ಬಿಡಬೇಡಿ. ಗೋಡೆಯಿಂದಲೇ ಬೇಕಾದರೆ ಬಿ.ಐ.ಎಸ್. ಗುರುತಿನ ಅಡಾಪ್ಟರನ್ನು ಕೊಳ್ಳಿ.

ನಮ್ಮ ಮಾವನ ಸೆಟ್ಟಿಗೆ ಆಮೇಲೆ ನಾನೇ ಒಂದು 6 ವೋಲ್ಟಿನ ರೆಗ್ಯುಲೇಟರು ಕೂರಿಸಿಕೊಟ್ಟೆ. ಅವರು ಸುಮಾರು ಹೊತ್ತು ಅದನ್ನು ಕೈಯಿಂದ ತಡವಿ ನೋಡಿ, "ಈಗ ಧ್ವನಿ ತಗ್ಗಿಸಬಹುದೇನಪ್ಪಾ?" ಎಂದು ಕೇಳಿದರು. "ತಗ್ಗಿಸಿ ಮಾವ" ಎಂದೆ. ತಗ್ಗಿಸಿದರು. ನಾವಿಬ್ಬರೂ ಉಸಿರು ಬಿಗಿಹಿಡಿದು ಕೂತೆವು. ರೇಡಿಯೋ ಮೆಲ್ಲನೆ ಹಾಡುತ್ತಲೇ ಇತ್ತು.